ಟಾರು ಮೆತ್ತಿದ ಬುಟ್ಟಿ

ಬಾಳೂರು,
ಭಾನುವಾರ, ೨೩ ಮೇ ೨೦೦೪

ನನ್ನ ಮಗಳು ಪ್ರಮೀಳಾಗೆ ನಿನ್ನ ಅವ್ವ ಸುವಾರ್ತಮ್ಮ ಬರೆಯುವುದು.

ಕರ್ತನ ದಯೆಯಿಂದ ಇಲ್ಲಿ ನಾವಿಬ್ಬರೂ ಇದ್ದೇವೆ. ನೀನೂ ಆ ಬಿಸಿಲಿನ ದೇಶದಲ್ಲಿ ಆರೋಗ್ಯವಾಗಿದ್ದೀಯ ಎಂದು ನಂಬಿದ್ದೇನೆ. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಕೊಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮೊದಲು ಕೆಲಸದಿಂದ ತಡವಾಯಿತು. ಆಮೇಲೆ ಭಯದಿಂದ. ಈ ವಾರದಲ್ಲಿ ಎರಡು ಸಲ ಬರೆದು ಎರಡು ಸಲವೂ ಹರಿದು ಒಲೆಗೆ ಹಾಕಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಎದೆ ಹಿಡಿದುಕೊಂಡು ಓದಬೇಡ. ನಿನ್ನ ಕೂಸು ಶಾರೋನ್ ಚೆನ್ನಾಗಿದ್ದಾಳೆ. ಈಗ ನನ್ನ ಪಕ್ಕದಲ್ಲೇ ಕೂತು ಬೆಲ್ಲ ಹಾಕಿದ ಅವಲಕ್ಕಿ ತಿನ್ನುತ್ತಿದ್ದಾಳೆ. ಅವಳ ಲಂಗದ ತುದಿಯನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡು ಬರೆಯುತ್ತಿದ್ದೇನೆ. ಯಾಕೆ ಎಂದು ಹೇಳುತ್ತೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲವ್ವ ಎನ್ನುತ್ತೀಯ. ರೇವಣ್ಣನ ಅಂಗಡಿಯ ಫೋನು ಹೇಗೆಂದು ನಿನಗೆ ಗೊತ್ತು. ಬೀಡಿ ಸೇದಲು ಬಂದವರೆಲ್ಲ ಕಿವಿ ಇಲ್ಲಿಟ್ಟು ಕೂತಿರುತ್ತಾರೆ. ಇವಳಂತೂ ನನ್ನ ಕೆನ್ನೆಗೆ ಕೆನ್ನೆ ಒತ್ತಿ ನಿಂತಿರುತ್ತಾಳೆ. ನಾನು ಬಾಯಿ ತೆಗೆಯುವ ಮೊದಲೇ ‘ಅಮ್ಮಾ, ಅಮ್ಮಾ’ ಎಂದು ಕಿರುಚುತ್ತಾಳೆ. ಅಷ್ಟರಲ್ಲಿ ನಿಮ್ಮ ಮೇಡಂ ನಿನ್ನನ್ನು ಒಳಗೆ ಕರೆಯುತ್ತಾರೆ. ರೇವಣ್ಣನ ಪರಿಚಯದವರೊಬ್ಬರು ಈ ವಾರ ಕುವೈತಿಗೆ ವಿಮಾನ ಹತ್ತುತ್ತಾರಂತೆ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಅವರ ಕೈಯಲ್ಲೇ ಕೊಡುತ್ತಿದ್ದೇನೆ.

ಊರಿನ ಸಮಾಚಾರ ಹೇಳುವುದಾದರೆ, ತೋಟದಲ್ಲಿ ಮರಗಸಿ ನಡೆಯುತ್ತಿದೆ. ಮಳೆ ಹಿಡಿಯುವುದರೊಳಗೆ ನೆರಳಿನ ಮರಗಳ ಕೊಂಬೆ ಕಡಿದು ಮುಗಿಸಬೇಕೆಂದು ಮೇಸ್ತ್ರಿ ಕೆಂಚಯ್ಯ ಆಳುಗಳ ಹಿಂದೆ ಬಿದ್ದಿದ್ದಾನೆ. ಕಳಸದ ಕಡೆಯ ರಸ್ತೆಗೆ ಟಾರು ಹಾಕುತ್ತಿದ್ದಾರೆ. ಪಕ್ಕದ ಮನೆಯ ಪಾಪಮ್ಮನಿಗೆ ಮೊಣಕಾಲು ನೋವು, ಬಾಯಿ ಮಾತ್ರ ಮೊದಲಿನ ಹಾಗೇ ಇದೆ. ನಾನು ಎಸ್ಟೇಟಿನ ಕೂಸುಗಳ ಶೆಡ್ಡಿನಲ್ಲೇ ಇದ್ದೇನೆ. ತಾಯಂದಿರು ಕೆಲಸಕ್ಕೆ ಹೋದ ಮೇಲೆ ಹಾಲು ಕುಡಿಸುವುದು, ತೊಟ್ಟಿಲು ತೂಗುವುದು. ಶಾಲೆಗೆ ರಜ ಬಿಟ್ಟಿರುವುದರಿಂದ ಶಾರೋನೂ ನನ್ನ ಜೊತೆಗೇ ಬರುತ್ತಾಳೆ.

ಇನ್ನು ನೀನು ಕಳಿಸಿದ ಸಿ.ಡಿ. ಪ್ಲೇಯರಿನ ವಿಷಯ. ‘ನಾನಿಲ್ಲದಿದ್ದರೂ ಮಗಳು ದೇವರ ಮಾತು ಕೇಳಿ ಬೆಳೆಯಲಿ’ ಎಂದು ಬರೆದಿದ್ದೆಯಲ್ಲ, ಹಾಗೇ ಮಾಡಿದೆ. ಪಾಸ್ಟರು ಮಂಗಳೂರಿನಿಂದ ಬೈಬಲ್ ಕಥೆಗಳ ಕಾರ್ಟೂನು ಸಿ.ಡಿ.ಗಳನ್ನು ತಂದುಕೊಟ್ಟರು, ಎಲ್ಲವೂ ಕನ್ನಡದಲ್ಲೇ ಮಾತಾಡುತ್ತವೆ. ನನ್ನ ಸಂಡೇ ಸ್ಕೂಲಿಗೆ ಮೊದಲು ಬರುತ್ತಿದ್ದದ್ದು ನಮ್ಮ ಸಭೆಯ ಬೆರಳೆಣಿಕೆಯ ಮಕ್ಕಳು. ಟಿವಿ ಹಚ್ಚಿದ ಮೇಲೆ ಆಳುಗಳ ಲೈನು ಮನೆಗಳ ಮಕ್ಕಳೆಲ್ಲ ಜಗುಲಿಯಲ್ಲಿ. ಪಾಪಮ್ಮನ ಮೊಮ್ಮಗಳು ಧನ್ಯಾ ಎಲ್ಲರಿಗಿಂತ ಮುಂದೆ. ಪಾಪಮ್ಮನೂ ಬಾಗಿಲಲ್ಲಿ ನಿಂತು ನೋಡಿ, “ಸುವಾರ್ತಕ್ಕ, ನಿಮ್ ದೇವ್ರು ಎಷ್ಟ್ ಚಂದ ಕನ್ನಡ ಮಾತಾಡ್ತಾನೆ ಮಾರಾಯ್ತಿ! ಲೆಕ್ಕ ಬರಿಯೋ ನಮ್ ಎಸ್ಟೇಟ್ ರೈಟ್ರು ಕಲ್ತ್ಕಬೇಕು” ಎಂದು ನಗುತ್ತಿದ್ದಳು. ನನಗೂ ಹೆಮ್ಮೆಯಾಗುತ್ತಿತ್ತು.

ಆದರೆ ಪ್ರಮೀಳಾ, ನಾನು ಪಟ ಹಿಡಿದು ಬಾಯಲ್ಲಿ ಕಥೆ ಹೇಳುವಾಗ ಮಕ್ಕಳ ಮುಖ ನೋಡುತ್ತಿದ್ದೆ. ಯಾವ ಮಗು ಹೆದರಿತು, ಯಾವುದಕ್ಕೆ ಅರ್ಥವಾಗಲಿಲ್ಲ ಎಂದು ತಿಳಿಯುತ್ತಿತ್ತು. ಅಲ್ಲೇ ನಿಲ್ಲಿಸಿ ತಲೆ ಸವರಿ ಮುಂದೆ ಹೇಳುತ್ತಿದ್ದೆ. ಆ ಪೆಟ್ಟಿಗೆ ಯಾರ ಮುಖವನ್ನೂ ನೋಡುವುದಿಲ್ಲ. ಅದು ಹೇಳುತ್ತಿರುವಾಗ ನಾನು ಒಳಗೆ ಮಕ್ಕಳಿಗೆ ಕಾಫಿ ಕಾಯಿಸುತ್ತಿದ್ದೆ.

ಅದರಲ್ಲಿ ಮೋಶೆಯ ಕಥೆಯ ಸಿ.ಡಿ. ಒಂದಿದೆ. ಕಥೆ ನಿನಗೆ ಗೊತ್ತಿರುವುದೇ, ಚಿಕ್ಕಂದಿನಲ್ಲಿ ನನ್ನ ಬಾಯಿಂದ ಎಷ್ಟು ಸಲ ಹೇಳಿಸಿಕೊಂಡಿದ್ದೀಯ. ಗಂಡು ಕೂಸುಗಳನ್ನೆಲ್ಲ ಕೊಲ್ಲಿರೆಂದು ರಾಜ ಹೇಳುತ್ತಾನೆ. ತಾಯಿ ಬುಟ್ಟಿಗೆ ಟಾರು ಬಳಿದು ಕೂಸನ್ನು ಮಲಗಿಸಿ ಹೊಳೆಗೆ ಬಿಡುತ್ತಾಳೆ. ರಾಜನ ಮಗಳು ಎತ್ತಿಕೊಳ್ಳುತ್ತಾಳೆ. ಕೂಸಿನ ಅಕ್ಕ ಓಡಿ ಹೋಗಿ, ಹಾಲು ಕೊಡಲು ಸಂಬಳದ ದಾದಿ ಎಂದು ಹೆತ್ತ ತಾಯಿಯನ್ನೇ ಕರೆತರುತ್ತಾಳೆ. ಶಾರೋನ್ ಹಠ ಹಿಡಿದು ಅದನ್ನೇ ಹಾಕಿಸುತ್ತಿದ್ದಳು. ತಾಯಿ ಬಂದು ಕೂಸನ್ನು ಎದೆಗೆ ಅಪ್ಪಿಕೊಳ್ಳುವಲ್ಲಿ ರಿಮೋಟು ಒತ್ತಿ ನಿಲ್ಲಿಸಿ ನೋಡುತ್ತಾ ಕೂರುವಳು. ಬೇರೆ ಮಕ್ಕಳು “ಮುಂದೆ ಬಿಡೇ, ಸಮುದ್ರ ಎರಡು ಹೋಳಾಗೋದ್ ನೋಡ್ಬೇಕು” ಎಂದು ಜಗಳ ಮಾಡಿದರೂ ಬಿಡಳು.

ಒಂದು ದಿನ ನಿನ್ನ ಫೋಟೋ ತಂದು ಟಿವಿಗೆ ಒರಗಿಸಿಟ್ಟಳು. ನೀನು ಮೇಡಂ ಅವರ ಮಗುವನ್ನು ಎತ್ತಿಕೊಂಡು ಖರ್ಜೂರದ ಮರದ ಕೆಳಗೆ ನಿಂತಿದ್ದೀಯಲ್ಲ, ಅದು.

“ಅಜ್ಜಿ, ನೋಡು, ಇದು ಅಮ್ಮನ ಊರೇ. ಅದೇ ಮರ, ಅದೇ ಮರಳು.”

ನಾನು ನಕ್ಕು, “ಹೌದು ಮಗಾ, ಅಲ್ಲೂ ರಾಜರೇ ಇರೋದಂತೆ” ಎಂದೆ.

ಇನ್ನೊಂದು ದಿನ ಕೇಳಿದಳು, “ಅಜ್ಜಿ, ನಮ್ಮ ಹಳ್ಳ ಎಲ್ಲಿಗ್ ಹೋಗುತ್ತೆ?”

“ಹೊಳೆಗೆ.”

“ಹೊಳೆ?”

“ಸಮುದ್ರಕ್ಕೆ.”

“ಸಮುದ್ರ ದಾಟಿದ್ರೆ ಅಮ್ಮನ ಊರು ಅಲ್ವಾ?”

ಕೈಯಲ್ಲಿ ಹಾಲಿನ ಬಾಟಲಿ ಇತ್ತು, ಮೂರು ಕೂಸುಗಳು ಒಟ್ಟಿಗೆ ಅಳುತ್ತಿದ್ದವು. ಹೌದು ಎಂದೆ.

ಅದಾದ ಮೇಲೆ ಒಂದು ಸಂಜೆ ಅವಳ ಕೈ, ಉಗುರು, ಮೊಣಕೈ ಎಲ್ಲ ಕರ್ರಗೆ ಟಾರು. ರಸ್ತೆ ಕೆಲಸದವರ ಡ್ರಮ್ಮಿನ ಹತ್ತಿರ ಹೋಗಿದ್ದಾಳೆಂದು ಬೈದು, ಸೀಮೆಎಣ್ಣೆ ಹಾಕಿ ಉಜ್ಜಿ ತೊಳೆದೆ. ಚರ್ಮ ಕೆಂಪಾದರೂ ಅಳಲಿಲ್ಲ. ಅಟ್ಟದ ಮೇಲಿದ್ದ ಕಾಫಿ ಹಣ್ಣಿನ ದೊಡ್ಡ ಬುಟ್ಟಿ ಕಾಣುತ್ತಿಲ್ಲವೆಂದು ನಾನು ಗಮನಿಸಲೇ ಇಲ್ಲ. ಕೊಯ್ಲು ಮುಗಿದ ಮೇಲೆ ಮುಂದಿನ ಕೊಯ್ಲಿನ ತನಕ ಬುಟ್ಟಿಯ ಕಡೆ ಯಾರು ನೋಡುತ್ತಾರೆ?

ಹೋದ ಸೋಮವಾರ ಬೆಳಿಗ್ಗೆ ಅವಳು ಆ ಹಳದಿ ಫ್ರಾಕು ಹಾಕಿಕೊಂಡು ನಿಂತಿದ್ದಳು. ನೀನು ಹೋಗುವ ವರ್ಷ ಹೊಲಿಸಿದ್ದು. ಈಗ ಅವಳಿಗೆ ಆರು ತುಂಬಿದೆ, ಅದೆಲ್ಲಿ ಹಿಡಿಸುತ್ತದೆ? ಬೆನ್ನಿನ ಗುಂಡಿ ಒಂದೂ ಕೂಡುತ್ತಿರಲಿಲ್ಲ, ಕಂಕುಳಲ್ಲಿ ಹರಿದಿತ್ತು. “ಭಿಕಾರಿ ಥರ ಕಾಣ್ತೀಯ, ತೆಗಿಯೇ” ಎಂದರೆ ಕಂಬ ಹಿಡಿದು ನಿಂತಳು. ಹೊತ್ತಾಗುತ್ತದೆಂದು ಹಾಗೇ ಕರೆದುಕೊಂಡು ಹೋದೆ.

ಮಧ್ಯಾಹ್ನ ಕೂಸುಗಳನ್ನು ಮಲಗಿಸುತ್ತಿದ್ದೆ. ಹೊರಗೆ ಪಾಪಮ್ಮನ ಕೂಗು. “ಸುವಾರ್ತಕ್ಕಾ! ಓಡ್ಬನ್ನಿ! ನಿಮ್ ಹುಡ್ಗಿ ನೀರಲ್ಲಿ!”

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಕಾಲಿಗೆ ಚಪ್ಪಲಿ ಇರಲಿಲ್ಲ ಎನ್ನುವುದು ರಾತ್ರಿ ಮುಳ್ಳು ತೆಗೆಯುವಾಗ ತಿಳಿಯಿತು. ಬಾಯಲ್ಲಿ ಪ್ರಾರ್ಥನೆಯೂ ಬರಲಿಲ್ಲ, ನಿನ್ನ ಹೆಸರು ಮಾತ್ರ ಬಂತು.

ಹಳ್ಳ ಈಗ ಮೊಣಕಾಲು ಮಟ್ಟ. ಆದರೆ ಪಂಪ್‌ಹೌಸಿನ ಕೆಳಗಿನ ಗುಂಡಿ ನಿನಗೆ ಗೊತ್ತು, ಬೇಸಿಗೆಯಲ್ಲೂ ಅದು ಬತ್ತುವುದಿಲ್ಲ. ಕೆಂಚಯ್ಯ ಅಲ್ಲೇ ಮರದ ಮೇಲಿದ್ದನಂತೆ. ಯಾರದೋ ಬುಟ್ಟಿ ತೇಲಿ ಬರುತ್ತಿದೆ ಎಂದುಕೊಂಡನಂತೆ. ಆಮೇಲೆ ಹಳದಿ ಬಣ್ಣ ಕಂಡಿತಂತೆ. ಗುಂಡಿಯ ಬಾಯಲ್ಲಿ ಬುಟ್ಟಿ ವಾಲಿ ನೀರು ತುಂಬಿ ಅವಳು ಕುತ್ತಿಗೆಯವರೆಗೆ ಮುಳುಗಿದ್ದಳು. ಎರಡೂ ಕೈಯಲ್ಲಿ ಬುಟ್ಟಿಯ ಅಂಚು ಹಿಡಿದುಕೊಂಡಿದ್ದಳು. ಕೆಂಚಯ್ಯ ಮರದಿಂದ ಹಾರಿ ಇಳಿದು ಎಳೆದುಕೊಂಡ.

ನಾನು ಹೋಗುವಾಗ ಅವನು ದಂಡೆಯಲ್ಲಿ ಕೂತು ಕೈ ಉಜ್ಜಿಕೊಳ್ಳುತ್ತಿದ್ದ. “ಏನ್ ಹುಡ್ಗಿನೋ ಇದು! ನೀರಿಂದ ಎತ್ತಿದ್ರೆ ಕೈ ಕಚ್ತಳೆ! ಬಿಡಿ, ನಾನು ಹೋಗ್ಬೇಕು ಅಂತಳೆ. ಎಲ್ಲಿಗ್ ಹೋಗ್ಬೇಕಂತೆ ಕೇಳಿ ಇವಳ್ನ!”

ಬುಟ್ಟಿಯನ್ನೂ ಎಳೆದು ಹಾಕಿದ್ದರು. ಒಳಗೂ ಹೊರಗೂ ಟಾರು ಮೆತ್ತಿತ್ತು. ಮಕ್ಕಳ ಕೈ, ಎಷ್ಟು ಎಟುಕುತ್ತದೆ? ತಳದಲ್ಲಿ ಬೊಗಸೆಯಷ್ಟು ಜಾಗ ಹಾಗೇ ಬಿಟ್ಟುಹೋಗಿತ್ತು. ನೀರು ನುಗ್ಗಿದ್ದು ಅಲ್ಲಿಂದ.

ಯಾಕೆ ಹೀಗೆ ಮಾಡಿದೆ ಎಂದು ಎಲ್ಲರೂ ಕೇಳಿದರು. “ಆಟ” ಎಂದಳು. ನಾನೂ ಎಲ್ಲರಿಗೂ ಹಾಗೇ ಹೇಳಿದ್ದೇನೆ, ಮಕ್ಕಳಾಟ ಎಂದು.

ಪಾಪಮ್ಮ ಧನ್ಯಾಳನ್ನು ಈಗ ನಮ್ಮ ಜಗುಲಿ ಹತ್ತಲು ಬಿಡುವುದಿಲ್ಲ. “ನಿಮ್ ಮೇಲೆ ಸಿಟ್ಟಲ್ಲ ಸುವಾರ್ತಕ್ಕ. ನಂಗ್ ಹೆದ್ರಿಕೆ. ಆ ಟಿವಿ ನೋಡಿ ನಾಳೆ ನಮ್ ಹುಡ್ಗಿ ಇನ್ನೇನ್ ಮಾಡ್ತದೋ” ಎಂದು ಕೈ ಹಿಡಿದು ಅತ್ತಳು. ಪಾಸ್ಟರು ಬಂದು ಪ್ರಾರ್ಥನೆ ಮಾಡಿ, “ಕಥೆ ತಪ್ಪಲ್ಲ ಅಮ್ಮ, ಮಕ್ಕಳ ಪಕ್ಕದಲ್ಲಿ ಯಾರಾದ್ರೂ ಕೂತಿರ್ಬೇಕು” ಎಂದರು. ಪ್ಲೇಯರನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಯೋನನ ಕಥೆಯ ಸಿ.ಡಿ. ಕಳಿಸುತ್ತೇನೆ ಎಂದಿದ್ದೆಯಲ್ಲ, ಕಳಿಸಬೇಡ ಮಗಳೇ. ಅದರಲ್ಲೂ ಸಮುದ್ರವೇ.

ಆ ದಿನದಿಂದ ನನಗೆ ನೆಮ್ಮದಿ ಇಲ್ಲ. ಕೊಡದಲ್ಲಿ ನೀರು ಬಗ್ಗಿಸಿದ ಸದ್ದಿಗೂ ತಿರುಗಿ ನೋಡುತ್ತೇನೆ, ಅವಳೆಲ್ಲಿ ಎಂದು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಹಾಡು ಹೇಳಿಸುತ್ತೇನೆ. ಹಾಡು ನಿಂತರೆ ಬಾಗಿಲು ತಳ್ಳುತ್ತೇನೆ. ಅವಳು ಮಾತ್ರ ಗಲಾಟೆಯಿಲ್ಲದೆ ಇದ್ದಾಳೆ. ಅತ್ತು ಹಠ ಮಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ನಿನ್ನೆ ಜಗುಲಿಯಲ್ಲಿ ಕೂತು ಕಳಸದ ದಿಕ್ಕಿನ ಮೋಡ ನೋಡುತ್ತಾ, “ಅಜ್ಜಿ, ಮಳೆ ಬಂದ್ರೆ ಹಳ್ಳದಲ್ಲಿ ನೀರು ಜಾಸ್ತಿ ಆಗುತ್ತೆ ಅಲ್ವಾ?” ಎಂದು ಕೇಳಿದಳು. ಆಗಲೇ ಅವಳ ಲಂಗವನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಳಿಯ ತೀರಿಕೊಂಡ ಮೇಲೆ ನೀನು ಹೊರಟದ್ದು ಈ ಕೂಸಿಗಾಗಿಯೇ ಎಂದು ದೇವರಿಗೆ ಗೊತ್ತು, ನನಗೂ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಲ್ಲಿ ಬೆಳೆಯುತ್ತಿರುವ ಆ ಮನೆಯ ಮಗುವಿಗೂ ನನ್ನ ಆಶೀರ್ವಾದ ಇದೆ, ಅದು ಏನು ತಪ್ಪು ಮಾಡಿದೆ? ಕರ್ತನು ನಿನ್ನ ಹೋಗುವಿಕೆ ಬರುವಿಕೆಯನ್ನು ಕಾಯಲಿ, ನಿನ್ನ ತಲೆಯ ಮೇಲೆ ಅವನ ಕೈ ಇರಲಿ.

ನಿನ್ನ ಅವ್ವ,
ಸುವಾರ್ತಮ್ಮ

ಕಾಗದ ಮಡಿಸಿ ಮತ್ತೆ ಬಿಡಿಸಿದೆ ಪ್ರಮೀಳಾ. ಆಟ ಎಂದು ಬರೆದು ಕಳಿಸಿ ನಾಳೆ ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ?

ಅವತ್ತು ಒಲೆಯ ಮುಂದೆ ಕೂರಿಸಿ ತಲೆ ಒರೆಸುವಾಗ ಅವಳು ನನಗೊಬ್ಬಳಿಗೇ ಹೇಳಿದಳು. “ಬುಟ್ಟಿ ರಾಜನ ಮನೆ ಹತ್ರ ಹೋಗುತ್ತೆ ಅಜ್ಜಿ. ಅಲ್ಲಿ ಪಾಪು ನೋಡ್ಕೊಳ್ಳೋಕೆ ಅಮ್ಮ ಸಂಬಳಕ್ಕೆ ಇದಾಳಲ್ಲ. ನನ್ನನ್ನ ನೀರಿಂದ ಎತ್ತಿದ್ರೆ ಅಮ್ಮನ ಕೈಗೇ ಕೊಡ್ತಾರೆ.” ಆಮೇಲೆ ಹೇಳಿದಳು. “ನಾನು ದೊಡ್ಡವಳಾಗಿದೀನಲ್ಲ, ಅಮ್ಮಂಗೆ ಗುರ್ತು ಸಿಗಲ್ಲ. ಅದಕ್ಕೇ ಹಳದಿ ಫ್ರಾಕು.”

ಒಮ್ಮೆ ಊರಿಗೆ ಬಂದು ಹೋಗು. ರಜ ಕೊಡುವುದಿಲ್ಲ ಎಂದರೆ ಮೇಡಂ ಅವರ ಕಾಲು ಹಿಡಿದಾದರೂ ಕೇಳು. ಅವರೂ ತಾಯಿ. ಮಳೆ ಹಿಡಿದರೆ ಆ ಹಳ್ಳ ಏನಾಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆ ಬುಟ್ಟಿಯನ್ನು ಕಡಿದು ಒಲೆಗೆ ಹಾಕಿದೆ. ಆದರೆ ಇದು ಕಾಫಿಯ ಊರು ಮಗಳೇ, ಮನೆಮನೆಯ ಅಟ್ಟದಲ್ಲೂ ಬುಟ್ಟಿ ಇದೆ.