ನನಗೊಬ್ಬಳಿಗೆ ಗೊತ್ತಿರಲಿಲ್ಲ

ಈಸ್ಟ್ ಹ್ಯಾಮ್, ಲಂಡನ್
16 ನವೆಂಬರ್ 2014, ಭಾನುವಾರ

ಮಗಳೇ ನವ್ಯಾ,

ಮೊದಲು ಹೊಟ್ಟೆಯ ಸಂಗತಿ ಹೇಳು. ಹೊಲಿಗೆ ಹಾಕಿದ ಜಾಗ ಕೆಂಪಾಗಿದೆಯೇ, ಮುಟ್ಟಿದರೆ ಬಿಸಿ ಎನಿಸುತ್ತದೆಯೇ, ಸಂಜೆ ಹೊತ್ತು ಜ್ವರ ಬರುತ್ತದೆಯೇ? ಒಂದೇ ಉದ್ದ ಗಾಯವೋ, ಮೂರು ಸಣ್ಣ ತೂತುಗಳೋ? ನಿನ್ನ ಅಪ್ಪನನ್ನು ಕೇಳಿದರೆ "ಸಣ್ಣದು" ಎನ್ನುತ್ತಾರೆ. ಅವರಿಗೆ ಎಲ್ಲವೂ ಸಣ್ಣದೇ. ಇನ್ನೂ ಎರಡು ವಾರ ಪುಸ್ತಕದ ಬ್ಯಾಗು ಹೆಗಲಿಗೆ ಹಾಕಬೇಡ, ಹಾಸ್ಟೆಲಿನ ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತಬೇಡ, ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮು. ಇಷ್ಟು ವಿಚಾರಿಸಿದ್ದರಿಂದ ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಇಳಿದಿಲ್ಲ.

ಈ ವಾರ ನೀನು ಐದು ಸಲ ಫೋನ್ ಮಾಡಿದ್ದೀಯ, ನಾನು ಎತ್ತಲಿಲ್ಲ. ಎತ್ತಿದ್ದರೆ ಮತ್ತೆ ಜಗಳ, ಮತ್ತೆ ಅರ್ಧಕ್ಕೆ ನಿಲ್ಲುವ ಮಾತು. ಅದಕ್ಕೇ ಕಾಗದ. ನೀನು ಭಾನುವಾರದ ಕನ್ನಡ ಕ್ಲಾಸಿಗೆ ಅಳುತ್ತಾ ಹೋಗಿ ಕಲಿತ ಅಕ್ಷರ ಇವತ್ತು ಉಪಯೋಗಕ್ಕೆ ಬರಲಿ. ದಿನಕ್ಕೆ ಮೂವತ್ತು ಚೀನೀ ಅಕ್ಷರ ಬಾಯಿಪಾಠ ಮಾಡುವವಳಿಗೆ ಅಮ್ಮನ ಕೈಬರಹ ದೊಡ್ಡ ಕಷ್ಟವಾಗಬಾರದು. ತಿಳಿಯದ ಶಬ್ದ ಬಂದರೆ ಬಿಟ್ಟು ಮುಂದೆ ಓದು, ಅಪ್ಪನಿಗೆ ಫೋಟೋ ತೆಗೆದು ಕಳಿಸಬೇಡ. ಅವರ ಮೇಲೂ ನನಗೆ ಸಿಟ್ಟಿದೆ.

ಹೋದ ವಾರ ಶನಿವಾರ, ಎಂಟನೇ ತಾರೀಕು, ಕ್ವೀನ್ಸ್‌ಬರಿಯ ಶಾಲೆಯ ಹಾಲ್‌ನಲ್ಲಿ ರಾಜ್ಯೋತ್ಸವ ಇತ್ತು. ಊಟದ ಹೊತ್ತಿಗೆ ನಾನು ಮೊಸರನ್ನದ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ನಿನ್ನ ಜೊತೆ ಓದಲು ಚೀನಾದ ನಾನ್‌ಜಿಂಗ್‌ಗೆ ಬಂದಿದ್ದಾನಲ್ಲ ರೋಷನ್, ಅವನ ಅಮ್ಮ ಕೃಷ್ಣವೇಣಿ ತಟ್ಟೆ ಚಾಚಿಕೊಂಡು ಬಂದರು. "ಪಾಪ, ನವ್ಯಾ ಈಗ ಹೇಗಿದಾಳ್ರೀ? ಹೊಲಿಗೆ ಬಿಚ್ಚಿದ್ರಂತಾ? ಆಪರೇಷನ್ ದಿನ ನಮ್ ರೋಷನ್ ಆಸ್ಪತ್ರೆಯಲ್ಲೇ ಕೂತಿದ್ನಂತೆ, ಊಟಾನೂ ಮಾಡ್ಲಿಲ್ವಂತೆ" ಎಂದರು. ನಾನು ಏನು ಹೇಳಿದೆ ಗೊತ್ತೇ? "ಹ್ಞೂಂ, ಈಗ ಅಡ್ಡಿಲ್ಲ" ಎಂದೆ. ಮಗಳ ಹೊಟ್ಟೆ ಕೊಯ್ದದ್ದು ತಾಯಿಗೇ ತಿಳಿಯದು ಎಂದು ಆ ಹಾಲ್‌ನಲ್ಲಿ ಯಾವ ಬಾಯಿಂದ ಹೇಳಲಿ? ಅವರ ತಟ್ಟೆಗೆ ಒಂದು ಸೌಟು ಹಾಕಿದೆ, ಇನ್ನೊಂದು ಹಾಕಿದೆ, ಅವರು ಸಾಕು ಸಾಕು ಎಂದು ಕೈ ಅಡ್ಡ ಹಿಡಿಯುವವರೆಗೂ ಹಾಕುತ್ತಲೇ ಇದ್ದೆ. ಆಮೇಲೆ ಗೊತ್ತಿದ್ದವಳ ಹಾಗೆ ನಟಿಸುತ್ತಾ ಒಂದೊಂದೇ ಮಾತು ಹೊರಡಿಸಿದೆ. ಅಪೆಂಡಿಕ್ಸ್ ಅಂತೆ, ಒಡೆಯುವುದರಲ್ಲಿತ್ತಂತೆ, ಅಕ್ಟೋಬರ್ ಹದಿನಾಲ್ಕಂತೆ, ಕ್ಲಾಸಿನಲ್ಲಿ ಬೆಂಚಿನ ಮೇಲೇ ಬಿದ್ದೆಯಂತೆ. ಇಪ್ಪತ್ತೈದು ದಿನ ಆಗಿತ್ತು. ಇದನ್ನೆಲ್ಲ ನಾನು ಮೊಸರನ್ನ ಬಡಿಸುತ್ತಾ ತಿಳಿದುಕೊಂಡೆ.

ಬರುವಾಗ ಟ್ಯೂಬಿನಲ್ಲಿ ಅಪ್ಪನ ಪಕ್ಕ ಕೂತೆ. ವೆಂಬ್ಲಿ ದಾಟುವವರೆಗೂ ಅವರಿಗೆ ಹೇಗೆ ತಿಳಿಸಲಿ, ಕೇಳಿ ಎದೆ ಒಡೆದುಕೊಂಡರೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ, ನನ್ನ ಬುದ್ಧಿಗಿಷ್ಟು. ಕೊನೆಗೆ ಅವರ ಕೈ ಹಿಡಿದು, "ನವ್ಯಾಗೆ ಅಲ್ಲಿ ಆಪರೇಷನ್ ಆಗಿದೆಯಂತೆ" ಎಂದೆ. ಅವರು ನನ್ನ ಮುಖ ನೋಡಲಿಲ್ಲ, ತಮ್ಮ ಬೂಟು ನೋಡಿದರು. ಆಗ ತಿಳಿಯಿತು. ಅವರ ಕೈ ಬಿಟ್ಟೆ. "ನಿನ್ನ ಬಿ.ಪಿ. ನೋಡಿ ಹೇಳ್ಲಿಲ್ಲ ಮಾರಾಯ್ತಿ. ಎಲ್ಲ ಸರಿಯಾದ ಮೇಲೆ ಹೇಳುವ ಅಂತ ಇದ್ದೆ" ಎಂದರು. ಎದುರಿಗೆ ಕೂತಿದ್ದ ಮುದುಕಿ ನಮ್ಮನ್ನೇ ನೋಡುತ್ತಿದ್ದಳು. ನಾನು ಎದ್ದು ಬೋಗಿಯ ಇನ್ನೊಂದು ತುದಿಗೆ ಹೋಗಿ ನಿಂತೆ, ವೆಸ್ಟ್ ಹ್ಯಾಮ್ ಬರುವವರೆಗೂ ನಿಂತೇ ಇದ್ದೆ.

ನಿನ್ನ ಅಪ್ಪ ಶ್ರೀಕಾಂತರ ಶಾಂತ ಸ್ವಭಾವವನ್ನು ಊರೆಲ್ಲ ಹೊಗಳುತ್ತದೆ. ಹದಿನಾಲ್ಕನೇ ತಾರೀಕು ಮಧ್ಯಾಹ್ನ ಕ್ಯಾನರಿ ವಾರ್ಫ್‌ನ ಆಫೀಸಿನಲ್ಲಿ ಅವರಿಗೆ ಫೋನ್ ಬಂತಂತೆ. ನಿನ್ನ ಟೀಚರು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ, ಆಪರೇಷನ್‌ನ ಒಪ್ಪಿಗೆ ಪತ್ರಕ್ಕೆ ತಾವೇ ಸಹಿ ಹಾಕಬಹುದೇ ಎಂದು ಕೇಳಿದರಂತೆ, ಇವರು ಹಾಕಿ ಎಂದರಂತೆ. ಆಮೇಲೆ ನೀನು ಫೋನ್ ತೆಗೆದುಕೊಂಡು "ಡೋಂಟ್ ಟೆಲ್ ಅಮ್ಮ, ಶಿ ವಿಲ್ ಪ್ಯಾನಿಕ್" ಎಂದೆಯಂತೆ. ಸರಿ ಎಂದು ಒಪ್ಪಿಕೊಂಡು, ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ನಾನು ಮಾಡಿದ ಹುರುಳಿ ಸಾರು ಎರಡು ಸಲ ಹಾಕಿಸಿಕೊಂಡು ಉಂಡರು. ಆ ದಿನ ನನಗೆ ನೆನಪಿದೆ, ಉಪ್ಪು ಹೆಚ್ಚಾಗಿತ್ತು, ಅವರು ಚೆನ್ನಾಗಿದೆ ಎಂದರು. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ ಗಂಡಸಿನ ಮುಖ ನನಗೆ ಓದಲು ಬರಲಿಲ್ಲವಲ್ಲ ಎಂದು ನನ್ನ ಮೇಲೂ ನನಗೆ ಸಿಟ್ಟಿದೆ.

ಪ್ಯಾನಿಕ್ ಅಂತೆ. ಹದಿಮೂರು ವರ್ಷದಿಂದ ನಾನು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಮಾಡುತ್ತಿರುವ ಕೆಲಸ ಏನು? ಆಪರೇಷನ್‌ಗೆ ಹೋಗುವವರ ಬಳೆ, ಹಲ್ಲಿನ ಸೆಟ್ಟು, ಕಿವುಡಿನ ಮೆಷಿನ್ನು ಬಿಚ್ಚಿಸಿ, ಗೌನು ಕಟ್ಟಿ, ಥಿಯೇಟರ್ ಬಾಗಿಲಿನ ತನಕ ಕೈ ಹಿಡಿದುಕೊಂಡು ಹೋಗುವುದು. ಆರೂವರೆ ಅಡಿಯ ಪೊಲೀಸಿನವನೊಬ್ಬ ಲಿಫ್ಟಿನಲ್ಲಿ ಅತ್ತಾಗ ಅವನ ಕಣ್ಣು ಒರೆಸಿದವಳು ನಾನು. ಆ ವಾರದ ಡ್ಯೂಟಿಯ ರೋಟಾ ತೆಗೆದು ನೋಡಿದೆ. ಹದಿನಾಲ್ಕು, ಮಂಗಳವಾರ, ಬೆಳಗಿನ ಡ್ಯೂಟಿ. ನಾನ್‌ಜಿಂಗ್‌ನಲ್ಲಿ ನಿನ್ನನ್ನು ಒಳಗೆ ಕರೆದುಕೊಂಡು ಹೋದ ಹೊತ್ತಿಗೆ ನಾನು ಇಲ್ಲಿ ಯಾರದೋ ಕೈ ಹಿಡಿದುಕೊಂಡಿದ್ದಿರಬೇಕು. ಯಾರದು ಎಂದು ಎಷ್ಟು ನೆನಪು ಮಾಡಿಕೊಂಡರೂ ಬರುತ್ತಿಲ್ಲ. ಯಾವ ಯಾವ ಊರಿನ, ಯಾವ ಯಾವ ಬಣ್ಣದ ಮಕ್ಕಳಿಗೆಲ್ಲ "ಏನಾಗಲ್ಲ, ನಾನಿದ್ದೀನಿ" ಎಂದಿದ್ದೇನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಆ ಮಾತನ್ನು ಹೇಳುವ ಯೋಗ ಇಲ್ಲದ ಹಾಗೆ ಮಾಡಿದಿರಿ, ಅಪ್ಪ ಮಗಳು ಸೇರಿ.

ದೀಪಾವಳಿ ದಿನ ಬೇರೆ. ಆಪರೇಷನ್ ಆಗಿ ಒಂಬತ್ತು ದಿನ. ನೀನು ಕಂಪ್ಯೂಟರಿನಲ್ಲಿ ಬರೀ ಮುಖ ತೋರಿಸಿದೆ, ಕುತ್ತಿಗೆಯ ತನಕ ಹೊದಿಕೆ. ನಾನು ಬೈದೆ. "ಹಬ್ಬದ ದಿನವೂ ಹಾಸಿಗೆ ಬಿಡೂಕಾತ್ತಿಲ್ಯಾ, ಎದ್ದ್ ಮೀಯ್" ಎಂದೆ. ನೀನು ನಕ್ಕೆ. ನಗುವಾಗ ಒಂದು ಕ್ಷಣ ಕಣ್ಣು ಮುಚ್ಚಿದೆ, ನೋವಿಗೆ ಎಂದು ಈಗ ತಿಳಿಯುತ್ತದೆ. ಅಪ್ಪ ನನ್ನ ಹಿಂದೆ ನಿಂತು ಎಲ್ಲ ನೋಡುತ್ತಿದ್ದರು. ಎದ್ದು ನಿಲ್ಲಲಾಗದ ಮಗಳನ್ನು ಸೋಮಾರಿ ಎಂದು ಬೈಯುವ ತಾಯಿಯಾಗಿ ನನ್ನನ್ನು ನಿಲ್ಲಿಸಿ ಇಬ್ಬರೂ ಸುಮ್ಮನಿದ್ದಿರಿ. ಎಲ್ಲಕ್ಕಿಂತ ಇದನ್ನು ನಾನು ಬೇಗ ಮರೆಯಲಾರೆ.

ಇನ್ನೊಂದು ಮಾತು. ನೀನು ಒಂದು ಸೆಮಿಸ್ಟರ್ ಚೀನಾದಲ್ಲಿ ಓದುತ್ತೇನೆ ಎಂದಾಗ ಬೇಡ ಎಂದವರು ಯಾರು? ಅಪ್ಪ. ಉಡುಪಿಯಿಂದ ರಘುರಾಮ ಮಾವನೂ ಫೋನ್ ಮಾಡಿ, ಹೆಣ್ಣು ಮಗಳನ್ನು ಭಾಷೆ ಗೊತ್ತಿಲ್ಲದ ದೇಶಕ್ಕೆ ಕಳಿಸುತ್ತೀಯಾ ಎಂದ. ನಾನು ಈ ದೇಶಕ್ಕೆ ಬಂದಾಗ ನನಗೆ ಯಾವ ಭಾಷೆ ಗೊತ್ತಿತ್ತು, ಹೋಗಲಿ ಬಿಡಿ ಎಂದು ಅವರಿಬ್ಬರ ಬಾಯಿ ಮುಚ್ಚಿಸಿದವಳು ನಾನು. ನಿನ್ನ ಸೂಟ್‌ಕೇಸಿಗೆ ಒಂದೊಂದು ಉಪ್ಪಿನಕಾಯಿ ಬಾಟಲಿಯನ್ನೂ ಮೂರು ಪದರ ಪ್ಲಾಸ್ಟಿಕ್ ಸುತ್ತಿ ಇಟ್ಟವಳು ನಾನು. ಕಳಿಸಿದವಳಿಗೇ ತಿಳಿಸಬಾರದು, ಬೇಡ ಎಂದವರಿಗೆ ತಿಳಿಸಬೇಕು. ಇದು ಯಾವ ಊರಿನ ನ್ಯಾಯ ಎಂದು ನಿನ್ನನ್ನೇ ಕೇಳುತ್ತೇನೆ.

ರಾಜ್ಯೋತ್ಸವದ ಮಾರನೆಯ ದಿನ ಭಾನುವಾರ ಬೆಳಿಗ್ಗೆ ನಾನು ಫೋನ್ ಮಾಡಿ ಕೂಗಾಡಿದ್ದು ನಿಜ. ನೀನು ಮೊದಲು "ಐ ಆ್ಯಮ್ ಫೈನ್, ಅಮ್ಮ" ಎಂದೆ, ನಾಲ್ಕು ಸಲ ಅದನ್ನೇ ಎಂದೆ. ನಾನು ನಿಲ್ಲಿಸದೆ ಹೋದಾಗ ಕನ್ನಡಕ್ಕೆ ತಿರುಗಿದೆ. "ಅಮ್ಮಮ್ಮ ಸತ್ತಾಗ ನೀನು ನಂಗೆ ಹೇಳಿದ್ಯಾ? ಇಪ್ಪತ್ತೆರಡು ದಿನ ಹೇಳ್ಲಿಲ್ಲ. ಎಕ್ಸಾಮ್ ಮುಗೀಲಿ ಅಂತ. ನಾನು ನಿನ್ನಿಂದನೇ ಕಲ್ತಿದ್ದು" ಎಂದೆ. ನಾನು ಫೋನ್ ಇಟ್ಟುಬಿಟ್ಟೆ.

ಅದೂ ಇದೂ ಒಂದೇ ಅಲ್ಲ, ನವ್ಯಾ. ನನ್ನ ಅಮ್ಮನಿಗೆ ಎಂಬತ್ತೊಂದು ವರ್ಷ ಆಗಿತ್ತು. ನಿನಗೆ ಎ ಲೆವೆಲ್ ಪರೀಕ್ಷೆ, ಎರಡು ವರ್ಷದ ಓದು. ಸಣ್ಣವಳಿದ್ದಾಗ ಪ್ರತಿ ಬೇಸಿಗೆ ರಜೆಯಲ್ಲೂ ಅವರ ಸೆರಗು ಹಿಡಿದುಕೊಂಡೇ ತಿರುಗಿದವಳು ನೀನು, ಸುದ್ದಿ ತಿಳಿದಿದ್ದರೆ ಒಂದು ಸಾಲು ಬರೆಯುತ್ತಿರಲಿಲ್ಲ. ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನ ಮಾಡಿದ್ದು. ರಾತ್ರಿ ನಿದ್ದೆಯಲ್ಲೇ ಹೋದರು, ಯಾರಿಗೂ ಏನೂ ಮಾಡಲಿಕ್ಕಿರಲಿಲ್ಲ ಎಂದು ಆಗಲೇ ಹೇಳಿದ್ದೇನೆ. ಕೊನೆಯ ಪೇಪರು ಮುಗಿಸಿ ಬಂದವಳಿಗೆ ಅಡುಗೆಮನೆಯಲ್ಲಿ ನಿಲ್ಲಿಸಿ ಹೇಳಿದಾಗ ನೀನು ಅಳಲಿಲ್ಲ, ಬೂಟು ಕೂಡ ಬಿಚ್ಚದೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಅದನ್ನು ಮರೆತಿಲ್ಲ. ಆದರೆ ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿದರೆ ಲೆಕ್ಕ ಸರಿಯಾಗುವುದಿಲ್ಲ.

ನಿನ್ನ ಗೆಳತಿ ಲಿನ್‌ಳ ಅಮ್ಮನ ವಿಷಯಕ್ಕೆ ಬರುತ್ತೇನೆ. ಯಾವುದೋ ಊರಿನಿಂದ ರೈಲು ಹತ್ತಿ ಬಂದು ಐದು ದಿನ ನಿನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಮಲಗಿದರಂತೆ, ಫ್ಲಾಸ್ಕಿನಲ್ಲಿ ಅಕ್ಕಿ ಗಂಜಿ ತಂದು ಚಮಚದಲ್ಲಿ ಕುಡಿಸಿದರಂತೆ, ತಲೆ ಬಾಚಿದರಂತೆ. ಕೃಷ್ಣವೇಣಿ ಇದನ್ನು ಹೇಳುವಾಗ ನನಗೆ ಆ ಹೆಂಗಸಿನ ಮೇಲೆ ಎಂಥ ಸಿಟ್ಟು ಬಂತು ಎಂದರೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಗಂಜಿ ಉಣ್ಣಿಸುವುದಕ್ಕೆ ಕುಂದಾಪುರದವಳೊಬ್ಬಳು ಬದುಕಿರಲಿಲ್ಲವೇ? ಹನ್ನೊಂದು ಗಂಟೆ ವಿಮಾನದಲ್ಲಿ ಕೂತರೆ ಬಂದು ಮುಟ್ಟುತ್ತಿದ್ದೆ. ವೀಸಾ ಎಂದು ನಿನ್ನ ಅಪ್ಪ ರಾಗ ಎಳೆಯುತ್ತಾರೆ. ವೀಸಾ ಆಫೀಸಿನ ಮೆಟ್ಟಿಲ ಮೇಲೆ ಕೂತು ತೆಗೆದುಕೊಳ್ಳುತ್ತಿದ್ದೆ. ಲಿನ್‌ಳ ಅಮ್ಮ ಒಬ್ಬಳೇ ಮಗಳ ತಾಯಿ ಎಂದು ಕೇಳಿದೆ, ನನ್ನ ಹಾಗೆ. ನಿನ್ನ ತಲೆ ಬಾಚುವಾಗ ಏನು ಮಾತಾಡಿದರು, ನಿನಗೆ ಎಷ್ಟು ಅರ್ಥವಾಯಿತು? ನನಗೆ ಅವರ ವಿಳಾಸ ಬರೆದು ಕಳಿಸು, ಅವರ ಲಿಪಿಯಲ್ಲೇ ಬರೆ, ನಾನು ಅದನ್ನು ನೋಡಿಕೊಂಡು ಲಕೋಟೆಯ ಮೇಲೆ ಬಿಡಿಸುತ್ತೇನೆ. ಹೈ ಸ್ಟ್ರೀಟ್ ನಾರ್ತ್‌ನ ಅಂಗಡಿಯಿಂದ ಒಂದು ರೇಷ್ಮೆ ಶಾಲು ತಂದಿದ್ದೇನೆ. ರೇಷ್ಮೆಯ ದೇಶಕ್ಕೆ ರೇಷ್ಮೆ ಕಳಿಸುತ್ತೀಯಾ ಎಂದು ಅಪ್ಪ ನಕ್ಕರು. ಈ ಎಂಟು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ, ನಾನು ಜೊತೆಗೂಡಲಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಓದು ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ. ಜನವರಿಯ ಪರೀಕ್ಷೆ ಮುಗಿಸಿಯೇ ಬಾ, ಚೆನ್ನಾಗಿ ಬರೆ. ಖಾರ ತಿನ್ನಬೇಡ. ಲಿನ್‌ಗೂ ರೋಷನ್‌ಗೂ ನನ್ನ ಪ್ರೀತಿ ಹೇಳು, ನಿನ್ನ ಟೀಚರಿಗೆ ನಮಸ್ಕಾರ ಹೇಳು. ಸಿಟ್ಟು ಎಷ್ಟೇ ಇರಲಿ, ಬೆಳಿಗ್ಗೆ ದೀಪ ಹಚ್ಚುವಾಗ ಮೊದಲು ಬರುವುದು ನಿನ್ನ ಹೆಸರೇ. ಆನೆಗುಡ್ಡೆಯ ಗಣಪತಿ ನಿನ್ನ ಗಾಯ ಬೇಗ ಮಾಗಿಸಲಿ.

ನಿನ್ನ ಅಮ್ಮ,
ಸುಗುಣಾ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ, ಡ್ಯೂಟಿಗೆ ಹೊತ್ತಾಯಿತು. ಅಮ್ಮಮ್ಮ ನಿದ್ದೆಯಲ್ಲಿ ಹೋದದ್ದಲ್ಲ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮಾವನ ಮನೆಯ ಗೃಹಪ್ರವೇಶ ಎಂದು ನಿನಗೆ ಸುಳ್ಳು ಹೇಳಿ ನಾನು ಊರಿಗೆ ಹೋಗಿದ್ದು ಅದಕ್ಕೇ. ದಿನಾ ಬೆಳಿಗ್ಗೆ "ಹೆಣ್ಣ್ ಬಂತಾ, ಸುಗುಣಾ?" ಎಂದು ನಿನ್ನನ್ನೇ ವಿಚಾರಿಸುತ್ತಿದ್ದರು. ಒಂಬತ್ತನೇ ದಿನ ನೀನು ಲಂಡನ್ನಿನಿಂದ ನನಗೆ ಫೋನ್ ಮಾಡಿದೆ, ಬೇಳೆಗೆ ಕುಕ್ಕರ್ ಎಷ್ಟು ಸಲ ಕೂಗಬೇಕು ಎಂದು ಕೇಳಲಿಕ್ಕೆ. ನಿನ್ನ ದನಿ ಫೋನಿನ ಹೊರಗೂ ಕೇಳಿಸಿತು. ಅವರಿಗೆ ಗುರುತು ಸಿಕ್ಕಿತು, ಸೂಜಿ ಚುಚ್ಚಿದ್ದ ಕೈಯನ್ನು ಫೋನಿಗಾಗಿ ಚಾಚಿದರು. ನಾನು ಕೊಡಲಿಲ್ಲ. ವರಾಂಡಕ್ಕೆ ಹೋಗಿ ನಿನಗೆ ಮೂರು ಸಲ ಎಂದೆ. ಒಳಗೆ ಬಂದಾಗ ಅವರು ಗೋಡೆ ಕಡೆ ತಿರುಗಿಕೊಂಡಿದ್ದರು, ಆಮೇಲೆ ನಿನ್ನನ್ನು ಕೇಳಲಿಲ್ಲ. ಫೋನಿನ ಈ ಸಂಗತಿ ಅಪ್ಪನಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ಓದಿದ ಮೇಲೆ ಫೋನ್ ಮಾಡು, ಬೈಯುವುದಿದ್ದರೆ ಬೈ. ಎತ್ತುತ್ತೇನೆ.