ಗುಬ್ಬಿಗೊಂದು ಫೋನು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಗುಬ್ಬೀ,

ನಿನ್ನ ಪತ್ರ ಕೈ ಸೇರಿತು. ಎರಡು ಸಲ ಬೆರಳಾಡಿಸಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ನಂಬಲಾರದೆ. ಹಾಸ್ಟೆಲಿನಲ್ಲಿದ್ದಾಗ ನೀನು ಬ್ರೈಲ್ ಬರೆದರೆ ಚುಕ್ಕಿಗಳು ಕಾಗದ ಹರಿದುಕೊಂಡು ಆಚೆ ಬರುತ್ತಿದ್ದವು, ಅದಕ್ಕೇ ಟೀಚರ್ ಬೈಯುತ್ತಿದ್ದರು. ಈ ಪತ್ರದಲ್ಲಿ ಅರ್ಧ ಚುಕ್ಕಿಗಳು ಬೆರಳಿಗೇ ಸಿಗುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿಗೆ ಪೆಟ್ಟಾಯಿತು ಅಂತ ಬರೆದಿದ್ದೀಯ. ಇರಲಿ, ಬಚ್ಚಲಿನ ಮಾತು ಆಮೇಲೆ ಆಡೋಣ. ಮೊದಲು ಫೋನಿನ ವಿಷಯ.

ಹಾಜರಿ ಹಾಕಲು ಒಬ್ಬೊಬ್ಬರಿಗೂ ಸ್ವಂತ ಫೋನು ಬೇಕೇ ಬೇಕು ಅಂತ ನಿಮ್ಮ ಮೇಣದಬತ್ತಿ ಕಾರ್ಖಾನೆಯವರು ಹಟ ಹಿಡಿದಿದ್ದಾರೆ, ಅದಕ್ಕೇ ನಿನ್ನ ಯಜಮಾನರು ಶನಿವಾರ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಇಷ್ಟು ಅರ್ಥವಾಯಿತು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತೇ ಕೂದಲು ನರೆಸಿಕೊಂಡವಳು ಹೇಳುತ್ತಿದ್ದೇನೆ, ಸರಿಯಾಗಿ ಕೇಳಿಸಿಕೋ.

ನಿನಗೆ ಮೊದಲಿನ ಹಾಗೆ ಗುಂಡಿ ಇರುವುದೇ ಬೇಕಂತೆ. ಬೇಡ ಕಣೇ. ನಿನ್ನ ಹಳೆಯದು ಮಾತಾಡುತ್ತಿತ್ತು, ಈಗಿನ ಗುಂಡಿ ಫೋನುಗಳು ಬಹಳಷ್ಟು ಮೂಕ. ಕುರುಡರಿಗೆ ಇದೇ ಸುಲಭ ಅಂತ ಅಂಗಡಿಯವನೂ ತಾಳ ಹಾಕುತ್ತಾನೆ, ಅವನ ಮಾತಿಗೆ ಮರುಳಾಗಬೇಡ. ಬಂದ ಮೆಸೇಜನ್ನು ಯಾರಾದರೂ ಓದಿ ಹೇಳಬೇಕಾಗುತ್ತದೆ. ಯಾರು ಓದುತ್ತಾರೆ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.

ನುಣ್ಣನೆ ಗಾಜಿನದೇ ತಗೋ. ಅಂಗಡಿಯಲ್ಲೇ ಓದುವ ದನಿ ಹಾಕಿಸಿ ಒಂದು ಮೆಸೇಜು ಓದಿಸು. ಇಂಗ್ಲಿಷನ್ನು ಪಟಪಟ ಅಂತ ಓದಿ, ನಮ್ಮ ಭಾಷೆ ಬಂದ ಕೂಡಲೇ ಬಾಯಿ ಹೊಲಿದುಕೊಳ್ಳುವಂಥವೂ ಇವೆ. ಇಯರ್‌ಫೋನು ಸಿಕ್ಕಿಸುವ ತೂತು ಇದೆಯೇ ಅಂತ ಬೆರಳಿಟ್ಟು ನೋಡು. ಅದಿಲ್ಲದೆ ಬೀಗದ ಅಂಕಿ ಒತ್ತಿದೆಯೋ, ಒಂದೊಂದನ್ನೂ ಕೂಗಿ ಹೇಳಿ ಮನೆಯವರಿಗೆಲ್ಲ ಬಾಯಿಪಾಠ ಮಾಡಿಸುತ್ತದೆ. ಮುಖ ತೋರಿಸಿ ತೆರೆಯುವ ಬೀಗ ಬೇಡ. ಬೆರಳಿನದೂ ಬೇಡ. ನಿನ್ನ ನಿದ್ದೆ ನನಗೆ ಗೊತ್ತಿಲ್ಲವೇ, ತಲೆಯ ಮೇಲೆ ಸಿಡಿಲು ಬಿದ್ದರೂ ಏಳುವವಳಲ್ಲ. ನಿನ್ನದೇ ಬೆರಳು ಹಿಡಿದು ಒತ್ತಿಸಿಕೊಂಡರೆ ಮುಗಿಯಿತು ಕಥೆ.

ಇನ್ನೊಂದು. ದನಿಯನ್ನು ಮಾತ್ರ ಉಳಿಸಿ ಗಾಜನ್ನು ಪೂರ್ತಿ ಕಪ್ಪು ಮಾಡುವ ಸೌಲಭ್ಯವಿದೆ, ಅದನ್ನು ಹಾಕಿಕೋ. ನಮಗೆ ಬೆಳಕು ಯಾಕೆ? ಪಕ್ಕದಲ್ಲಿ ಕೂತು ಇಣುಕಿದವರು ಫೋನು ಸತ್ತಿದೆ ಅಂದುಕೊಳ್ಳುತ್ತಾರೆ. ನನ್ನ ಪಕ್ಕದ ಬೋರ್ಡಿನವಳು, ಪಾಪ, ಎಷ್ಟೋ ದಿನ ನನ್ನ ಫೋನನ್ನು ಚಾರ್ಜಿಗೆ ಹಾಕಿ ಹಾಕಿ ಸುಸ್ತಾಗಿದ್ದಳು.

ಇಷ್ಟು ಹೊತ್ತು ಅದೂ ಇದೂ ಹೇಳಿ ತಪ್ಪಿಸಿಕೊಂಡೆ. ಇನ್ನು ಆಗುವುದಿಲ್ಲ. ಹಳೇ ಫೋನು ನೀರಿಗೆ ಬಿದ್ದು ಹಾಳಾಯಿತು ಅಂತ ಯಜಮಾನರು ಹೇಳಿದರು, ಎರಡು ವರ್ಷದಿಂದ ಫೋನೇ ಇಲ್ಲ, ನೀನೂ ನನ್ನನ್ನು ಮರೆತುಬಿಟ್ಟೆ ಅಂತ ಬರೆದಿದ್ದೀಯ. ಗುಬ್ಬೀ, ಆ ಫೋನು ಹಾಳಾಗಿಲ್ಲ. ಈ ಎರಡು ವರ್ಷವೂ ಆ ನಂಬರಿನಿಂದ ನನಗೆ ಮೆಸೇಜು ಬರುತ್ತಲೇ ಇದೆ. ಬಾಯಿಬಡುಕಿ, ಊಟ ಆಯ್ತಾ ಅಂತ. ನಮ್ಮ ಹಳೇ ಮೆಸೇಜುಗಳನ್ನು ನೋಡಿ ಕಲಿತಿರಬೇಕು. ಕರೆ ಮಾಡಿದರೆ ಎತ್ತುತ್ತಿರಲಿಲ್ಲ. ಅತ್ತೆ ಮಲಗಿದ್ದಾರೆ, ಮೆಸೇಜು ಹಾಕು ಅಂತ ಉತ್ತರ ಬರುತ್ತಿತ್ತು. ನಿನ್ನ ಅತ್ತೆ ಬೈದಾರೆಂದು ನಾನೂ ಸುಮ್ಮನಾಗುತ್ತಿದ್ದೆ.

ಆಸ್ಪತ್ರೆಯಲ್ಲಿ ಕೆಮ್ಮಿದರೆ ಸಾಕು, ಯಾವ ಡಾಕ್ಟರು ಅಂತ ಹೇಳುವವಳು ನಾನು. ಆದರೆ ನನ್ನ ಫೋನು ಎಲ್ಲರ ಮೆಸೇಜನ್ನೂ ಅದೇ ಒಂದು ಹೆಂಗಸಿನ ದನಿಯಲ್ಲಿ ಓದುತ್ತದೆ. ಬ್ಯಾಂಕಿನದೂ ಅದೇ, ನಮ್ಮಣ್ಣನದೂ ಅದೇ, ನಿನ್ನದೂ ಅದೇ. ಆ ದನಿಯನ್ನೇ ನೀನು ಅಂದುಕೊಂಡು ಎರಡು ವರ್ಷ ಸುಖದುಃಖ ಹೇಳಿಕೊಂಡೆ. ಛೀ, ಅದೇನು ಮಂಕು ಕವಿದಿತ್ತೋ ನನಗೆ.

ನಿನ್ನ ಟೆಲಿಫೋನ್ ತರಬೇತಿಯ ಸರ್ಟಿಫಿಕೇಟು ಹಾಸಿಗೆಯಡಿ ಇದ್ದದ್ದು ಹೇಗೆ ಗೊತ್ತಾಯಿತೋ, ಹೋದ ತಿಂಗಳು ಒಲೆಗೆ ಹಾಕಿಬಿಟ್ಟರು ಅಂತ ಬರೆದಿದ್ದೀಯಲ್ಲ. ಹೇಳಿದ್ದು ನಾನು ಕಣೇ. ಪಕ್ಕದ ಬೋರ್ಡಿನವಳು ಕೆಲಸ ಬಿಡುತ್ತಿದ್ದಾಳೆ, ನಿನ್ನ ಹೆಸರು ಹೇಳಿದ್ದೇನೆ, ಹಾಸಿಗೆಯಡಿಯ ಸರ್ಟಿಫಿಕೇಟು ತೆಗೆದುಕೊಂಡು ಯಾರಿಗೂ ಹೇಳದೆ ಹೊರಟು ಬಾ ಅಂತ ನಾನೇ ಆ ನಂಬರಿಗೆ ಬರೆದೆ. ಆಗಲಿ ಕಣೇ, ಬಂದೇ ಬರ್ತೀನಿ ಅಂತ ಉತ್ತರ ಬಂತು. ಖುಷಿ ತಡೆಯಲಾರದೆ ಅವತ್ತು ಬೋರ್ಡಿನವರಿಗೆಲ್ಲ ಚಹಾ ಕೊಡಿಸಿದೆ. ಅದೇ ದಿನ ತಾನೇ ನೀನು ಬಚ್ಚಲಲ್ಲಿ ಬಿದ್ದದ್ದು?

ಯಜಮಾನರು ಗಿಜಮಾನರು ಅನ್ನುವುದು ಇನ್ನು ನನ್ನ ಕೈಲಾಗದು. ಅವನ ಕೈಗೆ ಹುಳ ಬೀಳಲಿ. ನಿನ್ನನ್ನು ನೆನೆದು ಅಳು ಬರುತ್ತಿದೆ, ನನ್ನ ಮೇಲೆ ಅಸಹ್ಯ ಹುಟ್ಟುತ್ತಿದೆ. ಕ್ಷಮಿಸು ಅಂತ ಕೇಳಲೂ ನನಗೆ ಬಾಯಿಲ್ಲ.

ನಿನ್ನ ಪತ್ರವನ್ನು ಅಂಚೆಗೆ ಹಾಕಿದ ಮೇಲ್ವಿಚಾರಕಿ ಅಮ್ಮನ ಹೆಸರಿಗೇ ಇದನ್ನು ಕಾರ್ಖಾನೆಗೆ ಕಳಿಸುತ್ತಿದ್ದೇನೆ. ಈ ಚುಕ್ಕಿಗಳನ್ನು ಅವನು ಓದಲಾರ, ಆದರೂ ಓದಿದ ಮೇಲೆ ಸುಟ್ಟುಬಿಡು. ಹೊಸ ಫೋನು ಕೈಗೆ ಬಂದ ಕೂಡಲೇ ನನಗೆ ಕರೆ ಮಾಡು. ಮೆಸೇಜು ಬೇಡ. ಕೆಲಸ ಇನ್ನೂ ಖಾಲಿ ಇದೆ, ಸರ್ಟಿಫಿಕೇಟಿನ ನಕಲನ್ನು ನಮ್ಮ ಶಾಲೆಯಿಂದ ನಾನು ತರಿಸುತ್ತೇನೆ.

ಇಂತಿ ನಿನ್ನ,
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸಲು ಹೊರಟಿದ್ದೆ, ಆ ನಂಬರಿನಿಂದ ಮೆಸೇಜು ಬಂತು. ನನ್ನ ಫೋನು ಎಂದಿನ ಮುದ್ದು ದನಿಯಲ್ಲೇ ಓದಿತು: ಬಾಯಿಬಡುಕಿ, ನನ್ನ ಪತ್ರ ಸಿಕ್ತೇನೇ? ಯಾವ ಫೋನು ತಗೊಳ್ಳಲಿ ಹೇಳು. ಅವನಿಗೆ ಗೊತ್ತಾಗಿದೆ ಗುಬ್ಬೀ. ಯಾವ ಪತ್ರ, ನನಗೇನೂ ಬಂದಿಲ್ಲವಲ್ಲ ಅಂತ ಬರೆದಿದ್ದೇನೆ. ನಂಬಿದನೋ ಇಲ್ಲವೋ, ಉತ್ತರವಿಲ್ಲ. ಫೋನಿನ ಬಗ್ಗೆ ಬರೆದದ್ದೆಲ್ಲ ಮರೆತುಬಿಡು. ಶನಿವಾರದವರೆಗೆ ಕಾಯಬೇಡ. ಬಟ್ಟೆ ತರಲು ಸಹ ಮನೆಗೆ ಹೋಗಬೇಡ. ಇದನ್ನು ಓದಿದ ಗಳಿಗೆಯಲ್ಲೇ ಆ ಅಮ್ಮನ ಕೈ ಹಿಡಿದುಕೊಂಡು ಕಾರ್ಖಾನೆಯಿಂದಲೇ ಬಸ್ಸು ಹತ್ತು. ನಾಳೆಯಿಂದ ನಾನು ರಜೆ ಹಾಕಿ ಬಸ್ ನಿಲ್ದಾಣದಲ್ಲೇ ಕೂತಿರುತ್ತೇನೆ. ಬಸ್ಸು ಬಂದಾಗಲೆಲ್ಲ ಎದ್ದು ನಿಂತು ನಿನ್ನನ್ನು ಕೂಗುತ್ತೇನೆ. ಜನ ಹುಚ್ಚಿ ಅಂದುಕೊಳ್ಳಲಿ. ನೀನು ಮಾತ್ರ ಇಳಿದ ತಕ್ಷಣ ಓಗೊಡು.