ನಮೂನೆ ಏಳರಲ್ಲಿ ಇಲ್ಲದ ಐದನೇ ಚೌಕ

ನಿರ್ವಹಣಾ ವಿಭಾಗದ ಮುಖ್ಯಾಧಿಕಾರಿಗಳ ಕುರ್ಚಿಯಲ್ಲಿ ಸದ್ಯಕ್ಕೆ ಯಾರು ಕುಳಿತಿದ್ದಾರೋ ಆ ಮಾನ್ಯರೇ,

ನಿಮ್ಮ ಇಲಾಖೆಯ ನಮೂನೆ ಏಳರಲ್ಲಿ ಒಂದು ಚೌಕ ಕಡಿಮೆ ಇದೆ. ಆ ಒಂದು ಚೌಕ ಇಲ್ಲದ ಕಾರಣಕ್ಕೆ, ಗುಡ್ಡದ ಮೇಲಿನ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಸಹಾಯಕಿಯಾಗಿ ದುಡಿದ ಹೆಂಗಸನ್ನು ನೀವು ಮನೆಗೆ ಕಳಿಸಿದ್ದೀರಿ. ಆಕೆ ನನ್ನ ಅಕ್ಕ. ಆಕೆಯ ವಿರುದ್ಧ ನಿಮ್ಮ ಕಡತದಲ್ಲಿರುವ ಸಾಕ್ಷಿ ಒಂದೇ, ನೀಲಿ ಶಾಯಿಯ ಒಂದು ಟಿಕ್ ಗುರುತು. ಅದನ್ನು ಹಾಕಿದ ಕೈ ನನ್ನದು. ಈ ಬಗ್ಗೆ ಮೂರು ಅರ್ಜಿ ಕೊಟ್ಟೆ, ಮೂರಕ್ಕೂ ಉತ್ತರವಿಲ್ಲ. ನಾಲ್ಕನೆಯದನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಇದನ್ನು ಓದಿ ನೀವು ಏನಾದರೂ ಮಾಡುತ್ತೀರಿ ಎಂಬ ಭ್ರಮೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಬರೆಯದೆ ಇರಲು ಆಗುತ್ತಿಲ್ಲ.

ನಾನು ಕರೆಂಟಿನ ಕಂಬ ಹೋಗದ ಕಡೆಗಳಲ್ಲಿ ಸೋಲಾರ್ ಕೂರಿಸುವ ಮೆಕ್ಯಾನಿಕ್ಕು. ಇಪ್ಪತ್ತೇಳು ವರ್ಷದಿಂದ ಇದೇ ಕಸುಬು. ಬ್ಯಾಟರಿಯ ಆಸಿಡ್ ಸಿಡಿದು ಸಿಡಿದು ನನ್ನ ಅಂಗಿಗಳೆಲ್ಲ ತೂತು, ನನ್ನ ಹೆಂಡತಿ ಅವನ್ನು ಜರಡಿ ಎಂದೇ ಕರೆಯುತ್ತಾಳೆ. ನಿಮ್ಮ ಇಲಾಖೆ ಗುತ್ತಿಗೆದಾರರನ್ನು ಬದಲಿಸಿದಾಗಲೆಲ್ಲ ನನ್ನ ಗುರುತಿನ ಚೀಟಿಯ ಬಣ್ಣ ಬದಲಾಗುತ್ತದೆ, ಕೆಲಸ ಮಾತ್ರ ಅದೇ. ಹೀಗೆ ಆರೂವರೆ ವರ್ಷದ ಹಿಂದೆ, ಜೀಪು ನಿಲ್ಲುವ ಜಾಗದಿಂದ ಒಂದು ಗಂಟೆ ನಡೆದು, ಹನ್ನೆರಡು ಬ್ಯಾಟರಿ ಸೆಲ್ಲುಗಳನ್ನು ಹೆಗಲ ಮೇಲೆ ಹೊರಿಸಿಕೊಂಡು ಹೋಗಿ ಅಕ್ಕನ ಆರೋಗ್ಯ ಕೇಂದ್ರಕ್ಕೆ ಬೆಳಕು ಕೊಟ್ಟವನೂ ನಾನೇ. ಮಾಡಿನ ಮೇಲೆ ಎಂಟು ಪ್ಯಾನೆಲ್ಲು, ಹಿಂದಿನ ಕೋಣೆಯಲ್ಲಿ ಮರದ ಅಟ್ಟಣೆಯ ಮೇಲೆ ಸಾಲಾಗಿ ಸೆಲ್ಲುಗಳು, ಅವುಗಳಿಂದ ನಾಲ್ಕು ದೀಪ, ಒಂದು ಲಸಿಕೆಯ ಫ್ರಿಜ್ಜು. ನೀವು ಆಗ ಉದ್ಘಾಟನೆಗೆ ಬರಬೇಕಾಗಿತ್ತು, ದಾರಿ ಸರಿಯಿಲ್ಲವೆಂದು ಬರಲಿಲ್ಲ. ಅದು ನೀವೋ, ನಿಮ್ಮ ಹಿಂದಿನವರೋ, ನಮಗೆ ಅಷ್ಟು ದೂರದಿಂದ ವ್ಯತ್ಯಾಸ ಕಾಣುವುದಿಲ್ಲ.

ಕೂರಿಸಿದ ದಿನವೇ ಅಕ್ಕನಿಗೆ ಪಾಠ ಹೇಳಿದೆ. ಸೆಲ್ಲಿನ ಡಬ್ಬ ಅರೆಪಾರದರ್ಶಕ, ಮೈಮೇಲೆ ಎರಡು ಕೆಂಪು ಗೆರೆ.

"ನೀರು ಈ ಎರಡು ಗೆರೆ ಮಧ್ಯೆ ಇರಬೇಕು ಅಕ್ಕ. ಕೆಳಗಿನದು ದಾಟಿ ಇಳೀತು ಅಂದ್ರೆ ಒಳಗಿನ ಪ್ಲೇಟು ಗಾಳಿಗೆ ಬಿದ್ದು ಸಾಯುತ್ತೆ. ಇಲಾಖೆಯಿಂದ ಬ್ಯಾಟರಿ ನೀರಿನ ಕ್ಯಾನು ಬರುತ್ತೆ, ಅದನ್ನೇ ಹಾಕ್ಬೇಕು."

"ಹಸುಗೂಸಿನ ಹಾಗೆ ನೋಡ್ಕೋಬೇಕು ಅನ್ನು."

"ಕೂಸಾದ್ರೆ ಅತ್ತು ಹೇಳುತ್ತೆ. ಇದು ಹೇಳಲ್ಲ."

"ಹಾಗಾದ್ರೆ ನಿನ್ನ ಹಾಗೆ. ಚಿಕ್ಕವನಿದ್ದಾಗ ಜ್ವರ ಬಂದ್ರೂ ಬಾಯಿ ಬಿಡ್ತಿರಲಿಲ್ಲ ನೀನು."

ಅಂದಿನಿಂದ ತಿಂಗಳ ಮೊದಲ ಸೋಮವಾರ ಆಕೆ ಕೈಗೆ ರಬ್ಬರ್ ಗವುಸು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಮುಚ್ಚಳ ಬಿಚ್ಚಿ ನೋಡುತ್ತಿದ್ದಳು. ಶಾಲೆ ಮಕ್ಕಳ ಗೆರೆ ಪುಸ್ತಕವೊಂದರಲ್ಲಿ ದುಂಡಗೆ ಬರೆದಿಡುತ್ತಿದ್ದಳು. 'ಹನ್ನೆರಡೂ ಸರಿ.' 'ಏಳನೆಯದು ಸ್ವಲ್ಪ ಜಾಸ್ತಿ ಕುಡಿಯುತ್ತದೆ.' ನಾಲ್ಕು ವರ್ಷದ ಪುಸ್ತಕ ನನ್ನ ಬಳಿ ಇದೆ, ಒಂದು ಸೋಮವಾರವೂ ತಪ್ಪಿಲ್ಲ. ನಿಮ್ಮ ಕಚೇರಿಯ ಹಾಜರಿ ಪುಸ್ತಕದ ಪಕ್ಕದಲ್ಲಿ ಇದನ್ನಿಟ್ಟು ನೋಡುವ ಆಸೆ ನನಗಿದೆ, ಆದರೆ ಆಸೆಗೂ ಒಂದು ಮಿತಿ ಇರಬೇಕು.

ನಾಲ್ಕು ವರ್ಷವಾದ ಮೇಲೆ ಕ್ಯಾನು ಬರುವುದು ನಿಂತಿತು. ಯಾಕೆ? ನೀವು ಹೊಸ ಟೆಂಡರು ಕರೆದಿರಿ. ಉಪಕರಣಗಳಿಗೆ ಒಬ್ಬ ಗುತ್ತಿಗೆದಾರ, ದುರಸ್ತಿಗೆ ಇನ್ನೊಬ್ಬ. ನೀರು ಉಪಕರಣವಲ್ಲ, ದುರಸ್ತಿಯೂ ಅಲ್ಲ, ಹಾಗಾಗಿ ಅದು ಇಬ್ಬರ ಪಟ್ಟಿಯಿಂದಲೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಬಂತು. ಅಕ್ಕ ನಿಮಗೆ ಏಳು ಪತ್ರ ಬರೆದಳು. ಐದನೆಯದಕ್ಕೆ ನಿಮ್ಮಿಂದ ಒಂದು ಸಾಲಿನ ಉತ್ತರ: 'ವಿಷಯವು ಪರಿಶೀಲನೆಯಲ್ಲಿದೆ.' ಹದಿನಾಲ್ಕು ತಿಂಗಳು ಏನನ್ನು ಪರಿಶೀಲಿಸಿದಿರಿ ಸ್ವಾಮಿ, ನೀರು ಒದ್ದೆಯಾಗಿದೆಯೋ ಇಲ್ಲವೋ ಎಂದೇ?

ನಿನ್ನ ಮನೆಯಲ್ಲಿ ನೀರಿರಲಿಲ್ಲವೇ, ತಮ್ಮನಾಗಿ ನೀನೇನು ಮಾಡುತ್ತಿದ್ದೆ ಎಂದು ಓದುವವರು ಕೇಳಬೇಕು. ಇತ್ತು. ನನ್ನ ಮನೆಯ ಮಂಚದ ಕೆಳಗೆ ಎರಡು ಕ್ಯಾನು ಬ್ಯಾಟರಿ ನೀರಿತ್ತು. ಆದರೆ ಅದೇ ವರ್ಷ ನಿಮ್ಮ ಸುತ್ತೋಲೆಯೊಂದು ಬಂದಿತ್ತು, ಇಲಾಖೆ ಪೂರೈಸದ ನೀರನ್ನು ಬಳಸಿದರೆ ಬ್ಯಾಟರಿಯ ಖಾತರಿ ರದ್ದು ಎಂದು. ಅಕ್ಕ ಫೋನು ಮಾಡಿದಾಗಲೆಲ್ಲ ನಾನು ಅದನ್ನೇ ಗಿಳಿಪಾಠ ಒಪ್ಪಿಸಿದೆ. "ಹೊರಗಿನ ನೀರು ಮುಟ್ಟಬೇಡ ಅಕ್ಕ, ಖಾತರಿ ಹೋಗುತ್ತೆ. ಬರುತ್ತೆ, ಸ್ವಲ್ಪ ಕಾಯಿ." ಆಕೆ ಕಾದಳು. ನಿಯಮವನ್ನು ನಂಬಿದ ನನ್ನಂಥ ಮೂರ್ಖ ನಿಮ್ಮ ಇಡೀ ಇಲಾಖೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಹದಿನೈದನೇ ತಿಂಗಳಲ್ಲಿ ಏಳನೇ ಸೆಲ್ಲಿನ ನೀರು ಕೆಳಗಿನ ಗೆರೆ ದಾಟಿ ಇಳಿಯಿತು. ಡಬ್ಬದ ಮೇಲೆ ನಾನೇ ಅಂಟಿಸಿದ ಚೀಟಿ ಹೇಳುತ್ತಿತ್ತು, 'ಇದಕ್ಕಿಂತ ಕೆಳಗೆ ಇಳಿಯಬಾರದು.' ಎದುರುಗೋಡೆಯ ಮೇಲೆ ಇನ್ನೊಂದು ಸರ್ಕಾರಿ ಚಿತ್ರಪಟ, 'ಕುದಿಸಿ ಆರಿಸಿದ ನೀರನ್ನೇ ಬಳಸಿ.' ಇಪ್ಪತ್ತೆರಡು ವರ್ಷ ಬಾಣಂತಿಯರಿಗೆಲ್ಲ ಅದನ್ನೇ ಹೇಳಿಕೊಂಡು ಬಂದವಳು ನನ್ನಕ್ಕ. ಸೂಜಿ ಕತ್ತರಿ ಕುದಿಸುವ ಸ್ಟೀಲಿನ ಪಾತ್ರೆ ತೊಳೆದು, ಬಾವಿಯ ನೀರನ್ನು ಅರ್ಧ ಗಂಟೆ ಕುದಿಸಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟು ಆರಿಸಿ, ಹನ್ನೆರಡು ಸೆಲ್ಲಿಗೂ ಗೆರೆಯವರೆಗೆ ಹಾಕಿದಳು. ನಿಮಗೆ ತಿಳಿಯಲೆಂದು ಹೇಳುತ್ತೇನೆ, ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಬ್ಯಾಟರಿಗೆ ಕ್ರಿಮಿಯಿಂದ ಹೊಟ್ಟೆನೋವು ಬರುವುದಿಲ್ಲ. ಅದನ್ನು ಕೊಲ್ಲುವುದು ಬಾವಿನೀರಿನ ಲವಣ. ಕುದಿದು ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಉಪ್ಪಿನಂಶ ಗಟ್ಟಿಯಾಗುತ್ತದೆ. ಎಷ್ಟು ಮುತುವರ್ಜಿಯಿಂದ ಕುದಿಸಿದಳೋ ಅಷ್ಟು ವಿಷವಾಯಿತು. ನನಗೆ ಹೇಳಲಿಲ್ಲ, ಹೇಳಿದರೆ ನಾನು ಬೇಡ ಅನ್ನುತ್ತಿದ್ದೆ ಎಂದು ಆಕೆಗೆ ಗೊತ್ತಿತ್ತು.

ಐದು ತಿಂಗಳಲ್ಲಿ ಹನ್ನೆರಡೂ ಸತ್ತವು. ತಪಾಸಣೆಗೆ ಕಳಿಸಿದ್ದು ನನ್ನನ್ನೇ, ಆ ದಿಕ್ಕಿಗೆ ಹೋಗುವ ಮೆಕ್ಯಾನಿಕ್ಕು ನಾನೊಬ್ಬನೇ ಇದ್ದದ್ದು. ಹೈಡ್ರೋಮೀಟರ್ ಅದ್ದಿ ನೋಡಿದೆ. ಆಸಿಡ್ಡಿನ ಸತ್ವ ಅಳೆಯುವ ಗಾಜಿನ ಕೊಳವೆ ಅದು, ಒಳಗಿನ ಬುರುಡೆ ತೇಲಿದರೆ ಜೀವ ಇದೆಯೆಂದು ಅರ್ಥ. ಹನ್ನೆರಡರಲ್ಲೂ ಬುರುಡೆ ತಳ ಹಿಡಿಯಿತು. ಮುಚ್ಚಳದ ಸುತ್ತ ಬಿಳಿ ಹಕ್ಕಳೆ ಕಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು, "ಬಾವಿ ನೀರು ಕಣೋ. ನಾನೇ ಹಾಕಿದ್ದು. ಸುಮ್ನೆ ನೋಡ್ತಾ ಕೂತ್ಕೊಳ್ಳೋಕೆ ಆಗಲಿಲ್ಲ."

ಇನ್ನು ನಮೂನೆ ಏಳು. 'ವೈಫಲ್ಯಕ್ಕೆ ಕಾರಣ, ಒಂದನ್ನು ಮಾತ್ರ ಗುರುತಿಸಿ.' ಒಂದು, ತಯಾರಿಕೆಯ ದೋಷ. ಎರಡು, ಬಳಕೆದಾರರ ತಪ್ಪು. ಮೂರು, ನೈಸರ್ಗಿಕ ವಿಕೋಪ. ನಾಲ್ಕು, ಕಳವು. ಅಷ್ಟೇ. ಇಲಾಖೆ ತಪ್ಪು ಮಾಡಬಹುದು ಎಂಬುದು ಈ ನಮೂನೆ ಬರೆದ ಪುಣ್ಯಾತ್ಮರ ತಲೆಗೆ ಹೊಳೆದೇ ಇಲ್ಲ.

ನಮ್ಮ ಕಸುಬಿನವರ ಒಂದು ಗುಟ್ಟನ್ನು ಈಗ ಬಯಲು ಮಾಡುತ್ತೇನೆ, ಸಹೋದ್ಯೋಗಿಗಳು ಬೈದರೆ ಬೈಯಲಿ. ಬ್ಯಾಟರಿ ಯಾವ ಕಾರಣಕ್ಕೇ ಸಾಯಲಿ, ನಾವು ಗುರುತು ಹಾಕುವುದು ಎರಡನೇ ಚೌಕಕ್ಕೆ. ಒಂದಕ್ಕೆ ಹಾಕಿದರೆ ಬ್ಯಾಟರಿ ಪ್ರಯೋಗಾಲಯಕ್ಕೆ ಹೋಗಿ ಒಂದೂವರೆ ವರ್ಷ ಕೂರುತ್ತದೆ. ಮೂರಕ್ಕೆ ತಹಶೀಲ್ದಾರರ ಪತ್ರ ಬೇಕು, ನಾಲ್ಕಕ್ಕೆ ಪೊಲೀಸರದು. ಎರಡಕ್ಕೆ ಮಾತ್ರ ಯಾರ ಪತ್ರವೂ ಬೇಡ, ಎರಡು ತಿಂಗಳಲ್ಲಿ ಬದಲಿ ಬ್ಯಾಟರಿ ಬರುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ನಾನೇ ನೂರಾರು ಸಲ ಹಾಗೆ ಹಾಕಿದ್ದೇನೆ. ಯಾರಿಗೂ ಏನೂ ಆಗಿರಲಿಲ್ಲ.

ಅಕ್ಕನಿಗೂ ಇದನ್ನೆಲ್ಲ ವಿವರಿಸಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ಯಾವುದಕ್ಕೆ ಹಾಕಿದ್ರೆ ಬೇಗ ಬರುತ್ತೆ?"

"ಎರಡಕ್ಕೆ. ಆದ್ರೆ ನಿನ್ನ ಹೆಸರು ಬರೀಬೇಕಾಗುತ್ತೆ."

"ಬರಿ. ಸುಳ್ಳೇನಲ್ಲವಲ್ಲ. ನನ್ನ ಹೆಸರು ತಗೊಂಡು ಅವರೇನು ಮಾಡ್ತಾರೆ?"

ಏನು ಮಾಡುತ್ತೀರಿ ಎಂಬುದು ಹನ್ನೊಂದು ದಿನಕ್ಕೆ ಗೊತ್ತಾಯಿತು. ಹತ್ತರಲ್ಲಿ ಎಂಟು ಬ್ಯಾಟರಿಗಳು ಬಳಕೆದಾರರ ತಪ್ಪಿನಿಂದಲೇ ಹಾಳಾಗುತ್ತಿವೆ ಎಂದು ಅಂಕಿಅಂಶ ತೆಗೆದು, ಗಾಬರಿಗೊಂಡು, ಹೊಸ ಸುತ್ತೋಲೆ ಹೊರಡಿಸಿದಿರಿ. ಅಂಥ ಕಡೆ ಬದಲಿ ಬ್ಯಾಟರಿ ಇಲ್ಲ, ಜವಾಬ್ದಾರರನ್ನು ಕರ್ತವ್ಯದಿಂದ ಬಿಡುಗಡೆಗೊಳಿಸತಕ್ಕದ್ದು. ಆ ಹತ್ತರಲ್ಲಿ ಎಂಟು ಎಲ್ಲಿಂದ ಬಂತು ಗೊತ್ತೇ ಮಾನ್ಯರೇ? ನಮ್ಮ ಪೆನ್ನಿನಿಂದ. ಇಷ್ಟು ವರ್ಷ ನಾವು ಬೇಗ ಆಗಲಿ ಎಂದು ಹಾಕಿದ ಗುರುತುಗಳನ್ನೆಲ್ಲ ನೀವು ಕೂಡಿಸಿ, ನನ್ನ ಅಕ್ಕನ ತಲೆಯ ಮೇಲೆ ಹೊರಿಸಿದಿರಿ. ಮರುತಿಂಗಳು ಆಕೆಗೆ ಕಾಗದ ಬಂತು, 'ಸಾರ್ವಜನಿಕ ಆಸ್ತಿಯ ನಾಶ' ಎಂಬ ಪದಗಳ ಕೆಳಗೆ ಅಡಿಗೆರೆ ಎಳೆದು.

ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಕಡತ ನೋಡುವ ಗುಮಾಸ್ತರು ಕೆಟ್ಟವರೇನಲ್ಲ, ಕೂರಲು ಕುರ್ಚಿ ಕೊಟ್ಟರು.

"ಎರಡನೇ ಕಾಲಂ ಮುಂದೆ ಇರೋ ಸಹಿ ಯಾರದ್ರೀ?"

"ನಂದೇ ಸರ್. ಆದ್ರೆ ನೀರು ಕಳಿಸದೇ ಇದ್ದದ್ದು ಇಲಾಖೆ. ಅದನ್ನ ಬರೆಯೋಕೆ ಜಾಗ ಇರಲಿಲ್ಲ."

"ಅದು ಬೇರೆ ವಿಷಯ. ಆಕೆ ನಿಮಗೇನಾಗಬೇಕು?"

"ಅಕ್ಕ."

ಅವರು ಕಡತ ಮುಚ್ಚಿಬಿಟ್ಟರು. "ಹಾಗಿದ್ರೆ ನಿಮ್ಮ ಮಾತು ನಡೆಯಲ್ಲ ಬಿಡಿ. ಸಂಬಂಧಿಕರ ಹೇಳಿಕೆ ಆಗುತ್ತೆ."

ಎಂಥ ನ್ಯಾಯ ನೋಡಿ. ಆಕೆಯ ಮೇಲೆ ತಪ್ಪು ಹೊರಿಸುವಾಗ ನಾನು ನಿಷ್ಪಕ್ಷಪಾತಿ ತಂತ್ರಜ್ಞ. ಅದನ್ನು ತಿದ್ದಲು ಹೊರಟಾಗ ಮಾತ್ರ ತಮ್ಮ. ಆ ಕಚೇರಿಯ ಮೆಟ್ಟಿಲಿಳಿಯುವಾಗ ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ಈಗ ಎಂಟು ತಿಂಗಳಾಗಿದೆ. ನರ್ಸಮ್ಮ ಗುರುವಾರ ಮಾತ್ರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಸಿಕೆ ಹೊತ್ತು ಬಂದು, ಬೆಳಕಿರುವಾಗಲೇ ಇಳಿದುಹೋಗುತ್ತಾರೆ. ಫ್ರಿಜ್ಜಿನಲ್ಲಿ ಕೇಂದ್ರದ ರಿಜಿಸ್ಟರುಗಳನ್ನು ಇಟ್ಟಿದ್ದಾರೆ, ಇಲಿ ಹೋಗದ ಪೆಟ್ಟಿಗೆ ಅದೊಂದೇ. ಮಾಡಿನ ಮೇಲೆ ಎಂಟೂ ಪ್ಯಾನೆಲ್ಲು ಚೆನ್ನಾಗಿಯೇ ಇವೆ, ಬಿಸಿಲು ಬೀಳುತ್ತದೆ, ಕರೆಂಟು ಹುಟ್ಟುತ್ತದೆ, ಹಿಡಿದಿಡುವವರಿಲ್ಲ. ಅಕ್ಕನ ಮನೆಯ ಜಗಲಿಗೆ ಆ ಮಾಡು ಕಾಣುತ್ತದೆ. ಆಕೆ ಅತ್ತ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದಾಳೆ.

ಕೆಲಸ ಹೋದದ್ದಕ್ಕೆ ಆಕೆ ಅತ್ತಿಲ್ಲ. ಆಕೆಯನ್ನು ತಿನ್ನುತ್ತಿರುವುದು ಇನ್ನೊಂದು. ನಾನು ಹೋದಾಗಲೆಲ್ಲ ಕೇಳುತ್ತಾಳೆ, "ನಿಜ ಹೇಳು, ನಾನು ಆ ನೀರು ಹಾಕದೇ ಇದ್ದಿದ್ರೆ ಅದು ಬದುಕ್ತಿತ್ತಾ?" ಇಲ್ಲ ಎನ್ನುತ್ತೇನೆ. ಒಣಗಿದ ಪ್ಲೇಟು ಅದೇ ಐದಾರು ತಿಂಗಳಲ್ಲಿ ಸಾಯುತ್ತಿತ್ತು, ಇದು ನನ್ನ ಕಸುಬಿನ ಮೇಲೆ ಆಣೆ ಇಟ್ಟು ಹೇಳುವ ಮಾತು. ಕೈಕಟ್ಟಿ ಕೂತಿದ್ದರೆ ಬ್ಯಾಟರಿ ಹೇಗೂ ಹೋಗುತ್ತಿತ್ತು, ಆಕೆಯ ಕೆಲಸ ಮಾತ್ರ ಉಳಿಯುತ್ತಿತ್ತು. ಏನೂ ಮಾಡದ ಎಷ್ಟು ಜನರ ಕೆಲಸ ಭದ್ರವಾಗಿಲ್ಲ, ನೀವೇ ಹೇಳಿ. ಆದರೆ ಅಕ್ಕ ನನ್ನನ್ನು ನಂಬುವುದಿಲ್ಲ. ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಳ್ಳುತ್ತಾಳೆ. ನನ್ನ ಕೈಬರಹದಲ್ಲೇ ಆಕೆಯ ಹೆಸರಿನ ಮುಂದೆ 'ತಪ್ಪು' ಎಂದಿರುವಾಗ ಯಾಕೆ ನಂಬಿಯಾಳು?

ಕಳೆದ ಮಂಗಳವಾರ ಒಂದು ಅದ್ಭುತ ನಡೆಯಿತು. ನಿಮ್ಮ ಇಲಾಖೆಯ ವಾಹನ ಗುಡ್ಡದ ಬುಡದವರೆಗೆ ಬಂದು ಇಪ್ಪತ್ತು ಕ್ಯಾನು ಬ್ಯಾಟರಿ ನೀರು ಇಳಿಸಿತು. ಜೊತೆಗೊಂದು ಚೀಟಿ: 'ತಮ್ಮ ಮೊದಲನೇ ಪತ್ರದ ಮೇರೆಗೆ.' ಎರಡು ವರ್ಷ ಮೂರು ತಿಂಗಳ ಹಿಂದಿನ ಪತ್ರ ಅದು. ಬ್ಯಾಟರಿಗಳನ್ನು ಗುಜರಿಯವರು ಹೊತ್ತೊಯ್ದು ಅರ್ಧ ವರ್ಷವಾಗಿದೆ. ಸ್ವೀಕರಿಸಿದ್ದಕ್ಕೆ ಸಹಾಯಕಿಯ ಸಹಿ ಬೇಕು, ಸಹಾಯಕಿ ಇಲ್ಲ. ಡ್ರೈವರು ಅಕ್ಕನ ಮನೆ ಹುಡುಕಿ ಹೋದ. ಆಕೆ ಚಪ್ಪಲಿ ಮೆಟ್ಟಿ ಬಂದು, ಹಳೆಯ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿ, ಊರವರಿಂದ ಹೊರಿಸಿ, ಸೆಲ್ಲುಗಳಿದ್ದ ಅದೇ ಖಾಲಿ ಅಟ್ಟಣೆಯ ಮೇಲೆ ಇಪ್ಪತ್ತನ್ನೂ ಸಾಲಾಗಿ ಇಡಿಸಿದಳು. ನಾನು ಹೋದಾಗ ಅಲ್ಲೇ ನೆಲದ ಮೇಲೆ ಕೂತಿದ್ದಳು.

"ನೋಡೋ, ಕೊನೆಗೂ ಕಳಿಸಿದ್ರಲ್ಲ" ಅಂದಳು. "ನೀನು ಕಾಯಿ ಅಂದಿದ್ದೆ. ಇನ್ನು ಸ್ವಲ್ಪ ಕಾಯಬೇಕಿತ್ತು ನಾನು."

ಮಾನ್ಯರೇ, ಆ ಮಾತಿಗೆ ಆಕೆ ನಂಬುವಂಥ ಉತ್ತರ ನನ್ನ ಬಳಿ ಇಲ್ಲ. ನಿಮ್ಮ ಬಳಿ ಇದೆ. ಅಕ್ಕನ ಕೆಲಸ ಮರಳಿ ಕೊಡಿ ಎಂದು ಕೇಳುತ್ತಿಲ್ಲ, ಕೇಳಿ ಕೇಳಿ ಬಾಯಿ ಸೋತಿದೆ. ಹೊಸ ಬ್ಯಾಟರಿಯನ್ನೂ ಕೇಳುತ್ತಿಲ್ಲ. ನಿಮ್ಮ ಮುದ್ರೆಯಿರುವ ಕಾಗದದ ಮೇಲೆ ಒಂದು ಸಾಲು ಬರೆದು ಆಕೆಗೆ ಕಳಿಸಿ: 'ನಾವು ನೀರು ಕಳಿಸಲಿಲ್ಲ, ಆದ್ದರಿಂದ ಬ್ಯಾಟರಿ ಸತ್ತಿತು.' ಆಕೆ ತಮ್ಮನ ಮಾತು ನಂಬುವುದಿಲ್ಲ, ಸರ್ಕಾರದ ಕಾಗದವನ್ನು ಈಗಲೂ ನಂಬುತ್ತಾಳೆ. ಆ ಒಂದು ಸಾಲಿಗೂ ನಿಮಗೆ ಎರಡು ವರ್ಷ ಮೂರು ತಿಂಗಳು ಬೇಕಾದರೆ ತೆಗೆದುಕೊಳ್ಳಿ. ಸ್ವೀಕರಿಸಿ ಸಹಿ ಮಾಡಲು ಆಕೆ ಅಷ್ಟು ದಿನ ಇರುತ್ತಾಳೋ ಇಲ್ಲವೋ, ಅದಕ್ಕೆ ಖಾತರಿ ಕೊಡಲಾರೆ.

ಇಂತಿ,
ಅಕ್ಕನಿಗೆ ಕಾಯಲು ಹೇಳಿಕೊಟ್ಟ,
ಎರಡನೇ ಚೌಕಕ್ಕೆ ಗುರುತು ಹಾಕಿದ,
ಜರಡಿ ಅಂಗಿಯ ಮೆಕ್ಯಾನಿಕ್ಕು